ಉದ್ಯಾನದ ಖರ್ಚು: ಹಳಬರದೆಷ್ಟು, ಹೊಸಬರದೆಷ್ಟು?



ಬಳ್ಳಾರಿಯಲ್ಲಿ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹಾಸ್ಯ ಮಾಡುವವರುಂಟು. ಹಾಸ್ಯವಾದರೂ ಅದರಲ್ಲಿ ಸತ್ಯಾಂಶ ಕಡಿಮೆಯೇನಿಲ್ಲ. ಹಗಲೆಲ್ಲ ಕಾದ ಬಂಡೆ ರಾತ್ರಿಯೂ ಬಿಸಿಯುಸಿರು ಬಿಡುತ್ತಿರುತ್ತದೆ. ಇಂತಹ ಊರಿನಲ್ಲಿ ಒಂದು ಬೇವಿನ ಮರದ ನೆರಳು, ಸಂಜೆ ನಾಲ್ಕು ಹೆಜ್ಜೆ ನಡೆಯಲು ಒಂದು ಹಾದಿ, ಮಕ್ಕಳು ಓಡಿಯಾಡಲು ಒಂದು ತುಂಡು ಬಯಲು ಎಷ್ಟು ಬೆಲೆಯುಳ್ಳವು ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಉದ್ಯಾನ ಬೇಕೇ ಎಂದು ಸಭೆಯಲ್ಲಿ ಕೇಳಿದರೆ ಎಲ್ಲ ಕೈಗಳೂ ಮೇಲೇಳುತ್ತವೆ. ಅದರ ಖರ್ಚು ಯಾರದು ಎಂದು ಕೇಳಿದೊಡನೆ ಅವೇ ಕೈಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿರುವುದು ಈ ಎರಡನೆಯ ಪ್ರಶ್ನೆಯನ್ನೇ.

ಮೊದಲು ಊರು ಬೆಳೆದ ಬಗೆಯನ್ನು ನೋಡೋಣ. 2001ರ ಜನಗಣತಿಯಲ್ಲಿ ಬಳ್ಳಾರಿ ನಗರದ ಜನಸಂಖ್ಯೆ ಸುಮಾರು 3 ಲಕ್ಷ 17 ಸಾವಿರ. 2011ರಲ್ಲಿ ಅದು ಸುಮಾರು 4 ಲಕ್ಷ 10 ಸಾವಿರಕ್ಕೆ ಏರಿತು. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಸುಮಾರು 93 ಸಾವಿರ. ಅದೇ 2011ರಲ್ಲಿ ಸಿರುಗುಪ್ಪ ಪಟ್ಟಣದ ಜನಸಂಖ್ಯೆ 50 ಸಾವಿರವನ್ನು ದಾಟಿತ್ತಷ್ಟೆ. ಹಾಗಾದರೆ ಒಂದು ದಶಕದಲ್ಲಿ ಬಳ್ಳಾರಿಯ ಮಗ್ಗುಲಿಗೆ ಹೆಚ್ಚುಕಡಿಮೆ ಎರಡು ಸಿರುಗುಪ್ಪಗಳು ಬಂದು ಸೇರಿಕೊಂಡಂತಾಯಿತು! 2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಮುಂದಕ್ಕೆ ಹೋಯಿತು. ಆದರೆ ಊರಿನ ಅಂಚಿನಲ್ಲಿ ಹೊಲಗಳ ನಡುವೆ ಎದ್ದುನಿಂತಿರುವ ಸೈಟುಗಳ ಗಡಿಕಲ್ಲುಗಳನ್ನು ನೋಡಿದವರಿಗೆ ಬೆಳವಣಿಗೆ ನಿಂತಿಲ್ಲವೆಂದು ತಿಳಿಯಲು ಗಣತಿ ಬೇಕಾಗಿಲ್ಲ.

ಹೀಗೆ ಊರು ಬೆಳೆದಾಗ ಎರಡು ಬಗೆಯ ಮಾತು ಕೇಳಿಬರುತ್ತದೆ. ಬ್ರೂಸ್‌ಪೇಟೆಯಲ್ಲೋ ಕೌಲ್ ಬಜಾರಿನಲ್ಲೋ ತಲೆಮಾರಿನಿಂದ ಇರುವವರು ಹೇಳುತ್ತಾರೆ: “ಈಗಿರುವ ಉದ್ಯಾನ ನಮ್ಮ ಹಿರಿಯರು ಕಟ್ಟಿದ ಕಂದಾಯದಿಂದ ಆದದ್ದು. ಹೊಸದಾಗಿ ಬಂದವರಿಂದ ಅಲ್ಲಿ ಕಾಲಿಡಲು ಜಾಗವಿಲ್ಲ. ಇನ್ನೊಂದು ಬೇಕಾದರೆ ಅವರೇ ಮಾಡಿಸಿಕೊಳ್ಳಲಿ.” ಹೊಸ ಬಡಾವಣೆಯವರು ಹೇಳುತ್ತಾರೆ: “ಸೈಟಿನ ಬೆಲೆಯಲ್ಲೇ ನಾವು ಎಲ್ಲವನ್ನೂ ಕೊಟ್ಟಿದ್ದೇವೆ. ಹಳೆಯ ಊರಿನಲ್ಲಿ ಉದ್ಯಾನವಿಲ್ಲದಿದ್ದರೆ ಅದು ನಮ್ಮ ತಪ್ಪೇ?” ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಜೊತೆಗೆ, ಹೊಸಬರೆಂದು ನಾವು ಬೆರಳು ಮಾಡುವವರಲ್ಲಿ ಅನೇಕರು ಹಳಬರ ಮನೆಯ ಮಕ್ಕಳೇ. ಅಣ್ಣ ಹಳೆಯ ಮನೆಯಲ್ಲಿ ಉಳಿದು ತಮ್ಮ ಹೊಸ ಸೈಟಿಗೆ ಹೋದರೆ, ಒಬ್ಬ ಹಳಬ, ಇನ್ನೊಬ್ಬ ಹೊಸಬ. ಜಗಳ ಎಷ್ಟೋ ಸಲ ಒಂದೇ ಮನೆತನದೊಳಗಿನದು.

ಅರ್ಧ ಸತ್ಯಗಳನ್ನು ಕೂಡಿಸಿ ಪೂರ್ಣ ಮಾಡಲು ಇರುವ ಉಪಾಯವೆಂದರೆ ಲೆಕ್ಕ. ಪೆನ್ಸಿಲು ಕೈಗೆತ್ತಿಕೊಳ್ಳಿ. ಒಂದು ಊರನ್ನು ಕಲ್ಪಿಸಿಕೊಳ್ಳೋಣ. ಇದು ಬಳ್ಳಾರಿಯೂ ಅಲ್ಲ, ಸಿರುಗುಪ್ಪವೂ ಅಲ್ಲ. ಅಂಕಿಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಊರಿನಲ್ಲಿ 1 ಲಕ್ಷ ಜನ, 20 ಹೆಕ್ಟೇರ್ ಉದ್ಯಾನ. ಒಂದು ಹೆಕ್ಟೇರ್ ಎಂದರೆ 10 ಸಾವಿರ ಚದರ ಮೀಟರ್. ಆದುದರಿಂದ ತಲೆಗೆ 2 ಚದರ ಮೀಟರ್. ಊರಿನವರೆಲ್ಲ ಸೇರಿ ತಲೆಗೆ 3 ಚದರ ಮೀಟರ್ ಇರಬೇಕೆಂದು ತೀರ್ಮಾನಿಸುತ್ತಾರೆ. ಅಷ್ಟರಲ್ಲಿ ಹೊಸ ಬಡಾವಣೆಗಳಾಗಿ 20 ಸಾವಿರ ಜನ ಬರುವವರಿದ್ದಾರೆ.

ಈಗ ಎಷ್ಟು ಹೊಸ ಉದ್ಯಾನ ಬೇಕು? ಹಳೆಯ 1 ಲಕ್ಷ ಜನಕ್ಕೆ ತಲೆಗೆ ಒಂದೊಂದು ಚದರ ಮೀಟರ್ ಕೊರತೆ. ಅದು 10 ಹೆಕ್ಟೇರ್. ಬರಲಿರುವ 20 ಸಾವಿರ ಜನಕ್ಕೆ ತಲೆಗೆ ಮೂರರಂತೆ 6 ಹೆಕ್ಟೇರ್. ಒಟ್ಟು 16 ಹೆಕ್ಟೇರ್. ಒಂದು ಹೆಕ್ಟೇರನ್ನು ಸಜ್ಜುಗೊಳಿಸಲು 40 ಲಕ್ಷ ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ಖರ್ಚು 6 ಕೋಟಿ 40 ಲಕ್ಷ. ಇದರಲ್ಲಿ 4 ಕೋಟಿ ಹಳೆಯ ಕೊರತೆಯದು, 2 ಕೋಟಿ 40 ಲಕ್ಷ ಹೊಸ ಅಗತ್ಯದ್ದು. ಹೊಸಬರಿಗೆ ತಲೆಗೆ 1,200 ರೂಪಾಯಿ, ಹಳಬರಿಗೆ ತಲೆಗೆ 400 ರೂಪಾಯಿ ಬೀಳುತ್ತದೆ.

ಹೊಸಬನಿಗೆ ಮೂರು ಪಟ್ಟು ಏಕೆ ಎಂದು ನೀವು ಕೇಳಬಹುದು. ಹಳಬನ ಪಾಲಿನ 2 ಚದರ ಮೀಟರಿಗೆ ಅವನ ತಂದೆ ತಾತಂದಿರು ಆಗಲೇ ಹಣ ತೆತ್ತಿದ್ದಾರೆ. ಅವನು ಕೊಡಬೇಕಾದದ್ದು ಉಳಿದ ಒಂದಕ್ಕೆ ಮಾತ್ರ. ಇದು ನ್ಯಾಯವೇ. ಆದರೆ ಇಡೀ 6 ಕೋಟಿ 40 ಲಕ್ಷವನ್ನೂ ಹೊಸ ಬಡಾವಣೆಗಳ ತಲೆಗೆ ಕಟ್ಟಿದರೆ ಅವರಿಗೆ ತಲೆಗೆ 3,200 ರೂಪಾಯಿ ಆಗುತ್ತದೆ. ಅದು ಅನ್ಯಾಯ. ಊರಿನ ಹಳೆಯ ಸಾಲವನ್ನು ಹೊಸ ಸೊಸೆಯ ಕೈಯಲ್ಲಿ ತೀರಿಸಿದಂತೆ.

ಇಲ್ಲಿ ಎರಡು ಜಾಣತನಗಳು ಅಡಗಿಕೊಳ್ಳಲು ಸ್ಥಳವಿದೆ, ಎಚ್ಚರವಾಗಿರಬೇಕು. ಮೊದಲನೆಯದು ಅಳತೆಗೋಲಿನದು. ಕೇಂದ್ರ ಸರ್ಕಾರದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ತೆರೆದ ಜಾಗವಿರುವುದು ಒಳ್ಳೆಯದೆನ್ನುತ್ತದೆ. ಗುರಿಯೇನೋ ಒಳ್ಳೆಯದೇ. ಆದರೆ ತಾನು ಎರಡರಲ್ಲಿ ಬದುಕಿಕೊಂಡು ಹೊಸಬರಿಗೆ ಮಾತ್ರ ಹತ್ತರ ಲೆಕ್ಕ ಹಾಕುವ ಊರು ನ್ಯಾಯದ ಮಾತಾಡುವಂತಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಹಳೆಯ ಕೊರತೆಯ 4 ಕೋಟಿಯನ್ನು ಮನೆ ಕಂದಾಯದ ಮೂಲಕ ಎತ್ತಿದರೆಂದುಕೊಳ್ಳಿ. ಅಷ್ಟು ಹೊತ್ತಿಗೆ ಹೊಸಬರೂ ಊರಿನವರೇ ಆಗಿ ಕಂದಾಯ ಕಟ್ಟುತ್ತಿರುತ್ತಾರೆ. 4 ಕೋಟಿಯನ್ನು 1 ಲಕ್ಷ 20 ಸಾವಿರ ಜನಕ್ಕೆ ಹಂಚಿದರೆ ತಲೆಗೆ ಸುಮಾರು 333. ಹೊಸಬನು ತನ್ನ 1,200ನ್ನೂ ಕೊಟ್ಟು, ಅದರ ಮೇಲೆ ಹಳಬರ ಕೊರತೆಗೆ 333ನ್ನೂ ಕೊಟ್ಟಂತಾಯಿತು. ಒಂದೇ ತಕ್ಕಡಿಯಲ್ಲಿ ಎರಡು ಸಲ ತೂಗಿಸಿಕೊಂಡ ಹಾಗೆ. ಲೆಕ್ಕ ಬಲ್ಲ ಊರು ಈ ಎರಡನೆಯ ಸಲದ ಹಣಕ್ಕೆ ಹೊಸಬನ ಶುಲ್ಕದಲ್ಲಿ ವಿನಾಯಿತಿ ಕೊಡಬೇಕು.

ಈ ತತ್ವವನ್ನು ನ್ಯಾಯಾಲಯದಲ್ಲಿ ಪರೀಕ್ಷೆಗೆ ಒಡ್ಡಿದ ಒಂದು ಪ್ರಸಿದ್ಧ ಪ್ರಕರಣ ಅಮೆರಿಕದಲ್ಲಿ ನಡೆಯಿತು. ಆರಿಗನ್ ರಾಜ್ಯದ ಟಿಗಾರ್ಡ್ ಎಂಬ ಊರಿನಲ್ಲಿ ಫ್ಲಾರೆನ್ಸ್ ಡೋಲನ್ ಎಂಬ ಮಹಿಳೆಗೆ ಕೊಳಾಯಿ ಸಾಮಾನಿನ ಅಂಗಡಿಯಿತ್ತು. ಅಂಗಡಿಯನ್ನು ದೊಡ್ಡದು ಮಾಡಲು ಆಕೆ ಅನುಮತಿ ಕೇಳಿದರು. ಪಕ್ಕದ ಹಳ್ಳದ ನೆರೆ ನೀರು ಹರಡುವ ಜಾಗವನ್ನು ಹಸಿರು ಪಟ್ಟಿಗೂ, ಅದಕ್ಕೆ ತಗುಲಿದ 15 ಅಡಿ ಅಗಲದ ಪಟ್ಟಿಯನ್ನು ಕಾಲ್ನಡಿಗೆ ಮತ್ತು ಸೈಕಲ್ ಹಾದಿಗೂ ಬಿಟ್ಟುಕೊಟ್ಟರೆ ಮಾತ್ರ ಅನುಮತಿ ಎಂದು ಊರಿನ ಆಡಳಿತ ಹೇಳಿತು. ಪ್ರಕರಣ ಅಲ್ಲಿಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 1994ರಲ್ಲಿ ತೀರ್ಪು ಬಂತು. ಅಂಗಡಿ ಬೆಳೆದುದರಿಂದ ಊರಿನ ಮೇಲೆ ಎಷ್ಟು ಭಾರ ಬೀಳುತ್ತದೆಯೋ, ಆಕೆಯಿಂದ ಕೇಳುವುದೂ ಸರಿಸುಮಾರು ಅದಕ್ಕೆ ತಕ್ಕಷ್ಟೇ ಇರಬೇಕು. ಹಾಗಿದೆಯೆಂದು ತೋರಿಸುವ ಹೊಣೆ ಊರಿನದು ಎಂದು ನ್ಯಾಯಾಲಯ ಹೇಳಿತು. ಹಾದಿ ಬೇಡವೆಂದು ಅದು ಹೇಳಲಿಲ್ಲ. ಲೆಕ್ಕ ತೋರಿಸಿ ಎಂದಿತು, ಅಷ್ಟೆ.

ನಮ್ಮಲ್ಲಿ ಈ ಪಾಲನ್ನು ಮುಖ್ಯವಾಗಿ ನೆಲದ ರೂಪದಲ್ಲಿ ಕೇಳುವುದು ರೂಢಿ. 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯಿದೆಯ ಪ್ರಕಾರ ಪ್ರಾಧಿಕಾರ ತಾನೇ ಬಡಾವಣೆ ಮಾಡುವಾಗ ಒಟ್ಟು ವಿಸ್ತೀರ್ಣದ ಶೇಕಡಾ 15ಕ್ಕೆ ಕಡಿಮೆಯಿಲ್ಲದಷ್ಟು ಜಾಗವನ್ನು ಉದ್ಯಾನ ಮತ್ತು ಆಟದ ಬಯಲಿಗೆ ಮೀಸಲಿಡಬೇಕು. ಖಾಸಗಿ ಬಡಾವಣೆಗಳಿಂದ ವಲಯ ನಿಯಮಗಳು ಸಾಮಾನ್ಯವಾಗಿ ಕೇಳುವುದು ಶೇಕಡಾ 10. ರಸ್ತೆ, ಚರಂಡಿ, ತೆರೆದ ಜಾಗಗಳನ್ನು ಪರಿಹಾರ ಕೇಳದೆ ಸಾರ್ವಜನಿಕರ ಪರವಾಗಿ ಒಪ್ಪಿಸಬೇಕೆಂಬ ನಿಯಮವೂ ಆ ಕಾಯಿದೆಯಲ್ಲಿದೆ. ಕೃಷಿ ಜಮೀನು ವಸತಿಗೆ ಬದಲಾಗಿ ಬೆಲೆ ಏರಿದಾಗ ಏರಿದ್ದರಲ್ಲಿ ಒಂದು ಪಾಲನ್ನು ವಸೂಲು ಮಾಡಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಲ್ಲಿ ಅವಕಾಶವಿದೆ. ಬಳ್ಳಾರಿಗೆ ಈ ವಿಚಾರ ಇನ್ನೂ ಹಳೆಯದು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ಮೊದಲು ಬಳ್ಳಾರಿ ಮದ್ರಾಸಿನ ಆಡಳಿತದಲ್ಲಿತ್ತು. ಆ ಪ್ರಾಂತ್ಯದ 1920ರ ನಗರ ಯೋಜನಾ ಕಾಯಿದೆಯಲ್ಲೇ, ಊರಿನ ಹಣದಿಂದ ಸುಧಾರಣೆಯಾಗಿ ಪಕ್ಕದ ನೆಲದ ಬೆಲೆ ಏರಿದರೆ ನೆಲದ ಒಡೆಯನಿಂದ ವಂತಿಗೆ ಪಡೆಯುವ ಕಲ್ಪನೆಯಿತ್ತು. ಉದ್ಯಾನದ ಎದುರಿನ ಹಳೆಯ ಮನೆಯ ಬೆಲೆಯೂ ಏರುತ್ತದೆಂಬುದನ್ನು ಹಳಬರು ಸಾಮಾನ್ಯವಾಗಿ ಬಾಯಿಬಿಟ್ಟು ಹೇಳುವುದಿಲ್ಲ!

ಶೇಕಡಾ 10 ಎಂದರೆ ಎಷ್ಟು? ಹತ್ತು ಎಕರೆಯ ಒಂದು ಬಡಾವಣೆಯನ್ನು ತೆಗೆದುಕೊಳ್ಳಿ. ಒಂದು ಎಕರೆ ಉದ್ಯಾನಕ್ಕೆ ಹೋಗುತ್ತದೆ. ಅದು 4,047 ಚದರ ಮೀಟರ್. ಐದೂವರೆ ಎಕರೆ ಸೈಟುಗಳಿಗೆ ಸಿಕ್ಕರೆ 30–40 ಅಡಿಯ ಸುಮಾರು 200 ಸೈಟುಗಳಾಗುತ್ತವೆ. ಮನೆಗೆ ನಾಲ್ಕೂವರೆ ಜನರಂತೆ 900 ಜನ. ಭಾಗಿಸಿದರೆ ತಲೆಗೆ ನಾಲ್ಕೂವರೆ ಚದರ ಮೀಟರ್. ಹಳೆಯ ಪೇಟೆಯ ಇಕ್ಕಟ್ಟಾದ ಓಣಿಗಳಿಗೆ ಹೋಲಿಸಿದರೆ ಇದು ಸಾಹುಕಾರಿಕೆಯೇ ಸರಿ. ಆದರೆ ಸ್ವಲ್ಪ ತಡೆಯಿರಿ. ಕೆಲವು ವರ್ಷಗಳಲ್ಲಿ ಅವೇ ಸೈಟುಗಳಲ್ಲಿ ಮೂರು ಅಂತಸ್ತು ಎದ್ದು, ಪ್ರತಿ ಅಂತಸ್ತಿಗೂ ಒಂದು ಬಾಡಿಗೆ ಸಂಸಾರ ಬಂದರೆ ನಾಲ್ಕೂವರೆ ಇದ್ದದ್ದು ಒಂದೂವರೆಗೆ ಇಳಿಯುತ್ತದೆ. ನೆಲವನ್ನು ಬಿಟ್ಟದ್ದು ಒಂದೇ ಸಲ. ಜನ ಮಾತ್ರ ಆಮೇಲೂ ಬರುತ್ತಲೇ ಇರುತ್ತಾರೆ. ಮೇಲಂತಸ್ತು ಕಟ್ಟುವವನಿಂದ ಆ ಹೊತ್ತಿನಲ್ಲಿ ಉದ್ಯಾನದ ಪಾಲನ್ನು ಕೇಳುವುದು ಹೊಸ ಬಡಾವಣೆಯವನನ್ನು ಕೇಳುವಷ್ಟೇ ನ್ಯಾಯವಾದುದೆಂದು ನನ್ನ ಅಭಿಪ್ರಾಯ.

ಹೀಗೆ ಹೊಸಬರ ಪಾಲು ಒರಟೊರಟಾಗಿಯಾದರೂ ಕಾನೂನಿನಲ್ಲಿ ಬರೆದಿದೆ. ಹಳೆಯ ಊರಿನ ಪಾಲು ಎಲ್ಲಿ ಬರೆದಿದೆ? ನಿಮ್ಮ ಮನೆಯ ಆಸ್ತಿ ತೆರಿಗೆಯ ರಸೀದಿಯನ್ನು ತೆಗೆದು ನೋಡಿ. ಗ್ರಂಥಾಲಯ ಕರವಿದೆ, ಆರೋಗ್ಯ ಕರವಿದೆ, ಭಿಕ್ಷುಕರ ಪುನರ್ವಸತಿಯ ಕರವೂ ಇದೆ. ಉದ್ಯಾನಕ್ಕೆಂದು ಬೇರೆ ಸಾಲು ಸಿಗುವುದು ಕಷ್ಟ. 1992ರ ಸಂವಿಧಾನದ 74ನೆಯ ತಿದ್ದುಪಡಿಯು ಸೇರಿಸಿದ ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ತೋಟ, ಆಟದ ಬಯಲುಗಳು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿವೆ. ಕೆಲಸ ಪಟ್ಟಿಯಲ್ಲಿದೆ, ಹಣದ ಸಾಲು ಇಲ್ಲ. ರಸ್ತೆ, ನೀರು, ಕಸ, ಸಂಬಳ ಎಲ್ಲ ಮುಗಿದ ಮೇಲೆ ಉಳಿದದ್ದು ಉದ್ಯಾನಕ್ಕೆ. ಉಳಿಯುವುದೆಷ್ಟೆಂದು ನೀವೇ ಊಹಿಸಿ. ಕೌಲ್ ಬಜಾರಿನ ಓಣಿಯ ಹುಡುಗಿಗೆ, ಅಂಗಳವಿಲ್ಲದ ಎರಡು ಕೋಣೆಯ ಮನೆಯಲ್ಲಿ ಓದುವವಳಿಗೆ, ಉದ್ಯಾನ ಎಲ್ಲರಿಗಿಂತ ಹೆಚ್ಚು ಬೇಕು. ಅವಳ ಪರವಾಗಿ ಯಾವ ಬಡಾವಣೆಯೂ ಒಂದು ಎಕರೆ ಬಿಟ್ಟುಕೊಡುವುದಿಲ್ಲ.

ಉದ್ಯಾನ ಆದ ಮೇಲೆ ಅದನ್ನು ಸಾಕುವ ಖರ್ಚು ಬೇರೆ. ಬಳ್ಳಾರಿಯ ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ಆಳದಷ್ಟು ನೀರು ಬೇಕೆಂದು ಹಿಡಿದರೂ ಒಂದು ಎಕರೆಗೆ ದಿನವೊಂದಕ್ಕೆ 20 ಸಾವಿರ ಲೀಟರ್ ಆಯಿತು. ಐದು ಸಾವಿರ ಲೀಟರಿನ ಟ್ಯಾಂಕರ್ ನಾಲ್ಕು ಸಲ ಬರಬೇಕು. ಕುಡಿಯುವ ನೀರಿಗಾಗಿ ಅಲ್ಲೀಪುರದ ಕೆರೆಯ ಮಟ್ಟವನ್ನು ನೋಡುತ್ತ ಕೂರುವ ಊರಿಗೆ ಇದು ಒಪ್ಪುವ ಮಾತೇ? ಬೇವು, ಹೊಂಗೆ, ಆಲ, ಅರಳಿ ಹಾಕಿದರೆ ಮೊದಲ ಎರಡು ಮೂರು ವರ್ಷ ನೀರೆರೆದರೆ ಸಾಕು. ಆಮೇಲೆ ಬೇರು ತನ್ನ ದಾರಿ ತಾನು ನೋಡಿಕೊಳ್ಳುತ್ತದೆ. ಯಾರು ಎಷ್ಟು ಕೊಡಬೇಕೆಂದು ಜಗಳವಾಡುವ ಮೊದಲು, ಹುಲ್ಲೋ ಬೇವೋ ಎಂದು ಕೇಳಿದರೆ ಅರ್ಧ ಜಗಳ ಕಡಿಮೆಯಾದೀತು.

ಹೊಸ ಬಡಾವಣೆಯಲ್ಲಿ ಇನ್ನೊಂದು ತೊಡಕುಂಟು. ಸೈಟುಗಳು ಮಾರಾಟವಾಗಿರುತ್ತವೆ, ಮನೆಗಳು ಇನ್ನೂ ಎದ್ದಿರುವುದಿಲ್ಲ. ಬಡಾವಣೆ ಮಾಡಿದವನು ತನ್ನ ಕೆಲಸ ಮುಗಿಯಿತೆನ್ನುತ್ತಾನೆ; ನಗರಾಡಳಿತ ತನಗೆ ಇನ್ನೂ ಹಸ್ತಾಂತರವಾಗಿಲ್ಲವೆನ್ನುತ್ತದೆ. ಈ ನಡುವಿನ ವರ್ಷಗಳಲ್ಲಿ ಉದ್ಯಾನದ ಜಾಗಕ್ಕೆ ದಿಕ್ಕಿಲ್ಲ. ಜಾಲಿ ಬೆಳೆಯುತ್ತದೆ, ಮಣ್ಣು ಸುರಿಯುತ್ತಾರೆ, ಒಂದು ದಿನ ಗುಡಿಸಲೋ ಗುಡಿಯೋ ಏಳುತ್ತದೆ. ಹಸ್ತಾಂತರದ ಹೊತ್ತಿಗೆ ಮೊದಲ ಐದು ವರ್ಷಗಳ ಮಾಲಿಯ ಸಂಬಳ, ನೀರಿನ ಖರ್ಚುಗಳನ್ನು ಬಡಾವಣೆ ಮಾಡುವವನಿಂದ ಠೇವಣಿಯಾಗಿ ಇಡಿಸಿಕೊಂಡರೆ ಈ ತೊಡಕು ಬಹುಮಟ್ಟಿಗೆ ತಪ್ಪುತ್ತದೆ.

ಬಿಟ್ಟುಕೊಟ್ಟ ಜಾಗ ಉದ್ಯಾನವಾಗಿಯೇ ಉಳಿಯಬೇಕೆಂಬ ಮಾತಿಗೆ ನಮ್ಮ ರಾಜ್ಯದ್ದೇ ಒಂದು ದೊಡ್ಡ ತೀರ್ಪಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಮಂಜೂರು ಮಾಡಲಾಗಿತ್ತು. ಅಲ್ಲಿಯ ನಿವಾಸಿಗಳು ಅದನ್ನು ಪ್ರಶ್ನಿಸಿದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಮಂಜೂರಾತಿ ನಿಲ್ಲದೆಂದು ಹೇಳಿತು. ಉದ್ಯಾನವನ್ನು ಬಳಸುವ ಸಾಮಾನ್ಯ ನಿವಾಸಿಗೂ ಅದನ್ನು ಕೇಳುವ ಹಕ್ಕಿದೆ ಎಂಬುದು ಆ ತೀರ್ಪಿನಿಂದ ಗಟ್ಟಿಯಾಯಿತು.

ಇದುವರೆಗೆ ಉದ್ಯಾನದ ಮಾತಾಯಿತು. ನಡೆಯುವ ಹಾದಿಯ ಲೆಕ್ಕ ಇಷ್ಟು ಸುಲಭವಲ್ಲ. ಉದ್ಯಾನ ಒಂದು ಬಡಾವಣೆಯ ಬೇಲಿಯೊಳಗೆ ಇರುತ್ತದೆ. ಹಾದಿ ಹತ್ತು ಬಡಾವಣೆಗಳನ್ನು ದಾಟಿ ಹೋಗುತ್ತದೆ. ಹತ್ತು ಬಡಾವಣೆಗಳು ಹತ್ತು ತುಂಡು ಬಿಟ್ಟರೂ ಅವು ಒಂದಕ್ಕೊಂದು ಕೂಡದಿದ್ದರೆ ಹಾದಿಯಾಗುವುದಿಲ್ಲ. ನೆಲದ ಒಡೆತನವೂ ಬಗೆಬಗೆ. ಬಳ್ಳಾರಿಯ ಬೆಟ್ಟದ ಮೇಲಿನ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಾಲುವೆಯ ಏರಿ ನೀರಾವರಿಯವರದು. ಸಿರುಗುಪ್ಪದಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಒಂದು ಹಾದಿ ಮಾಡಿದರೆ ಎಷ್ಟು ಚೆನ್ನ! ಆದರೆ ಜಲಾಶಯದ ಬಾಗಿಲು ತೆರೆದಾಗ ನದಿ ದಂಡೆಯನ್ನು ತನ್ನದೆನ್ನುತ್ತದೆ. ಅಲ್ಲಿ ಕಾಂಕ್ರೀಟು ಸುರಿದು ಪ್ರತಿ ಪ್ರವಾಹಕ್ಕೂ ರಿಪೇರಿಯ ಬಿಲ್ಲು ತೆರುವುದಕ್ಕಿಂತ, ನೀರು ಬಂದು ಹೋಗಲು ಬಿಡುವ ಮಣ್ಣಿನ ಹಾದಿ, ಮರದ ಸಾಲು ಸಾಕು. ಅದು ಇಡೀ ಊರಿನ ಆಸ್ತಿ. ಆದುದರಿಂದ ಅದರ ಖರ್ಚನ್ನು ಹಳಬ ಹೊಸಬ ಎಂದು ನೋಡದೆ ತಲೆಯೆಣಿಕೆಯಂತೆಯೇ ಹಂಚಬೇಕು.

ಕುರುಗೋಡಿನ ಸ್ಥಿತಿ ಬೇರೆ. ಒಂದು ಕಾಲಕ್ಕೆ ಸಿಂದರ ರಾಜಧಾನಿಯಾಗಿದ್ದ ಈ ಊರಿನಲ್ಲಿ ಬಂಡೆಯ ಬೆಟ್ಟ, ಹಳೆಯ ಗುಡಿಗಳು, ಏಕಶಿಲೆಯ ದೊಡ್ಡಬಸವೇಶ್ವರ ಎಲ್ಲ ಇವೆ. ಜಾತ್ರೆಗೆ ಸುತ್ತಮುತ್ತಲ ಊರುಗಳೆಲ್ಲ ಬಂದು ಸೇರುತ್ತವೆ. ಆದರೆ ಪುರಸಭೆ ಚಿಕ್ಕದು. ಬೆಟ್ಟದ ಬುಡದಲ್ಲಿ ಒಂದು ಹಾದಿ, ನೆರಳು, ಕುಡಿಯುವ ನೀರು ಮಾಡಬೇಕಾದರೆ ಕೆಲವೇ ಹೊಸ ಸೈಟುಗಳ ಮೇಲೆ ಹೊರೆ ಹಾಕಿದರೂ ಆಗದು, ಹಳೆಯ ಮನೆಗಳ ಮೇಲೆ ಹಾಕಿದರೂ ಆಗದು. ನಡೆಯುವವರಲ್ಲಿ ಬಹುಪಾಲು ಹೊರಗಿನವರು. ನಿಮ್ಮನ್ನೇ ನೋಡಿಕೊಳ್ಳಿ. ನಿಮ್ಮಲ್ಲಿ ಎಷ್ಟೋ ಜನ ಕುರುಗೋಡಿನಿಂದ, ಸಿರುಗುಪ್ಪದಿಂದ ಬೆಳಿಗ್ಗೆ ಬಸ್ಸು ಹತ್ತಿ ಬಳ್ಳಾರಿಯ ಕಾಲೇಜಿಗೆ ಬರುವವರು. ಮಧ್ಯಾಹ್ನ ಬುತ್ತಿ ಬಿಚ್ಚಲು ಬಳ್ಳಾರಿಯ ಮರದ ನೆರಳೇ ಬೇಕು. ಮನೆಯ ಕಂದಾಯ ಕಟ್ಟುವುದು ನಿಮ್ಮ ಊರಿನಲ್ಲಿ. ಇಂತಹ ಕಡೆ ರಾಜ್ಯ, ಕೇಂದ್ರಗಳ ಅನುದಾನ ನ್ಯಾಯವಾಗುತ್ತದೆ. 2015ರಲ್ಲಿ ಆರಂಭವಾದ ಅಮೃತ್ ಯೋಜನೆಯ ನಗರಗಳಲ್ಲಿ ಬಳ್ಳಾರಿಯೂ ಇತ್ತು. ನೀರು, ಒಳಚರಂಡಿಗಳೇ ಅದರಲ್ಲಿ ಮುಖ್ಯವಾದರೂ ಉದ್ಯಾನಗಳಿಗೂ ಒಂದು ಸಣ್ಣ ಪಾಲಿತ್ತು. ಅನುದಾನದ ಗುಣವೇ ಹಾಗೆ: ಕಟ್ಟಲು ಬರುತ್ತದೆ, ಕಾಯಲು ಬರುವುದಿಲ್ಲ. ಮಾಲಿಯ ತಿಂಗಳ ಸಂಬಳಕ್ಕೆ ಊರೇ ದಾರಿ ನೋಡಬೇಕು.

ಇನ್ನು ನಿಮ್ಮ ಕೆಲಸ. ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆಯಲ್ಲಿ ಉದ್ಯಾನವೆಂದು ಎಷ್ಟು ತೋರಿಸಿದೆ ಎಂದು ತಿಳಿಯಿರಿ. ನಕ್ಷೆ ಕೊಡಲು ಹಿಂದೆಮುಂದೆ ನೋಡಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ. ಕರ್ನಾಟಕದಲ್ಲಿ ಅರ್ಜಿಯ ಶುಲ್ಕ 10 ರೂಪಾಯಿ. ನಕ್ಷೆ ಕೈಗೆ ಬಂದ ಮೇಲೆ ಒಂದು ಭಾನುವಾರ ಟೇಪು ಹಿಡಿದು ಜಾಗವನ್ನು ಅಳೆಯಿರಿ, ಮನೆಗಳನ್ನು ಎಣಿಸಿರಿ, ಭಾಗಿಸಿರಿ. ನಾಲ್ಕೂವರೆ ಬಂತೇ, ಒಂದೂವರೆ ಬಂತೇ, ನಕ್ಷೆಯಲ್ಲಿದ್ದ ಜಾಗ ನೆಲದ ಮೇಲೆ ಇದೆಯೇ ಎಂದು ನೋಡಿರಿ. ಅದೇ ಲೆಕ್ಕವನ್ನು ಹಳೆಯ ಪೇಟೆಯ ಒಂದು ವಾರ್ಡಿಗೂ ಮಾಡಿ. ಎರಡೂ ಹಾಳೆಗಳನ್ನು ಜೊತೆಗಿಟ್ಟುಕೊಂಡು, ಆಯವ್ಯಯದ ಸಭೆ ಸೇರುವ ಮೊದಲು, ನಿಮ್ಮ ವಾರ್ಡಿನ ಸದಸ್ಯರ ಮನೆಯ ಬಾಗಿಲು ತಟ್ಟಿ.